ವಾದದೊಳಗಿನ ವಿನಯ



ವಾದದಲ್ಲಿ ಗೆಲ್ಲುವುದು ದೊಡ್ಡದಲ್ಲ. ವಾದ ಮುಗಿದ ಮೇಲೆ ಎದುರಾಳಿಯನ್ನು ಪ್ರೀತಿಯಿಂದ ನೋಡುವುದು ದೊಡ್ಡದು. ಇದನ್ನು ತಿಳಿಯಲು ಸೂಫಿ ಸಂತರ ಪಂಥಗಳಲ್ಲಿ ನಡೆದ ಒಂದು ಹಿರಿಯ ವಾದವನ್ನು ನೋಡೋಣ. ಅದು ಗ್ರಂಥಗಳಲ್ಲಿ ನಡೆಯಿತು, ಪತ್ರಗಳಲ್ಲಿ ನಡೆಯಿತು, ಪದ್ಯಗಳಲ್ಲಿಯೂ ನಡೆಯಿತು.

ಸ್ಪೇನ್ ದೇಶದಲ್ಲಿ 1165ರಲ್ಲಿ ಹುಟ್ಟಿ 1240ರಲ್ಲಿ ಡಮಾಸ್ಕಸ್ಸಿನಲ್ಲಿ ದೇಹವಿಟ್ಟ ಇಬ್ನ್ ಅರಬಿ ಮಹಾಜ್ಞಾನಿ. ದೇವರ ಇರವೊಂದೇ ನಿಜವಾದ ಇರವು ಎಂಬ ತತ್ತ್ವ ಆತನ ಹೆಸರಿನಲ್ಲಿ ಹಬ್ಬಿತು. ಅದಕ್ಕೆ 'ವಹದತುಲ್ ವುಜೂದ್' ಎನ್ನುವರು. ಕವಿಗಳು ಇದನ್ನು ಕಡಲು ಮತ್ತು ಅಲೆಯ ಹೋಲಿಕೆಯಿಂದ ಹಾಡಿದರು. ಅಲೆ ಎದ್ದರೂ ನೀರೇ, ಬಿದ್ದರೂ ನೀರೇ. ಭಾರತದ ಚಿಶ್ತಿ ಪಂಥದ ಅನೇಕರಿಗೆ ಈ ಮಾತು ಹಿಡಿಸಿತು.

ನಕ್ಷಬಂದಿ ಪಂಥದ ಶೇಖ್ ಅಹಮದ್ ಸರಹಿಂದಿ (1564-1624) ಇದನ್ನು ಒಪ್ಪಲಿಲ್ಲ. ಹಗಲಿನಲ್ಲಿ ಸೂರ್ಯನೊಬ್ಬನೇ ಕಾಣುವನು. ಕಾಣದ ಮಾತ್ರಕ್ಕೆ ನಕ್ಷತ್ರಗಳೇ ಇಲ್ಲವೆನ್ನಬಹುದೇ ಎಂದು ಕೇಳಿದರು. ಸಾಧಕನಿಗೆ ಒಂದೇ ಕಾಣುವುದು ನಿಜ. ಅದು ಕಾಣ್ಕೆಯ ಒಂದುತನ, ಇರವಿನ ಒಂದುತನವಲ್ಲ. ಇದಕ್ಕೆ 'ವಹದತುಶ್ ಶುಹೂದ್' ಎಂದು ಹೆಸರು.

ಇದು ಬರಿಯ ಪಂಡಿತರ ಕಾಳಗವೇ? ಅಲ್ಲ. ಎಲ್ಲವೂ ಒಂದೇ ಆದರೆ ನಮಿಸುವವನು ಯಾರು, ನಮಸ್ಕಾರ ಯಾರಿಗೆ? ಒಳಿತು ಕೆಡುಕುಗಳ ಗತಿಯೇನು? ಬೇರೆ ಬೇರೆಯಾದರೆ ದೇವರು ದೂರದವನಾದನಲ್ಲ ಎಂದು ಭಕ್ತನ ಎದೆ ಅಳುಕುತ್ತದೆ. ಬದುಕಿನ ದಾರಿಯೇ ಈ ಪ್ರಶ್ನೆಯ ಮೇಲೆ ನಿಂತಿದೆ.

ಮುಂದೆ ದಿಲ್ಲಿಯಲ್ಲಿ ಸರಹಿಂದಿಯವರ ಪರಂಪರೆಯೇ ಕವಿಗಳ ಪರಂಪರೆಯಾಯಿತು. ಅವರ ಮೊಮ್ಮಗನನ್ನು ಶಾಹ್ ಗುಲ್ ಎನ್ನುತ್ತಿದ್ದರು. ಗುಲ್ ಎಂದರೆ ಗುಲಾಬಿ. ಅವರ ಶಿಷ್ಯರು ಗುಲ್ಶನ್, ಹೂದೋಟ. ಅವರ ಶಿಷ್ಯರು ಅಂದಲೀಬ್, ಹೂವಿಗೆ ಒಲಿದ ಬುಲ್ಬುಲ್ ಹಕ್ಕಿ. ಆ ಹಕ್ಕಿಯ ಮಗ ಖ್ವಾಜಾ ಮೀರ್ ದರ್ದ್ (1721-1785). ದರ್ದ್ ಎಂದರೆ ನೋವು. ಹೆಸರುಗಳಲ್ಲಿಯೇ ಎಂತಹ ಕಾವ್ಯ ನೋಡಿರಿ!

1739ರಲ್ಲಿ ನಾದಿರ್ ಶಾಹ ದಿಲ್ಲಿಯನ್ನು ಸೂರೆಮಾಡಿದನು. ಮುಂದೆಯೂ ದಾಳಿಗಳು ನಿಲ್ಲಲಿಲ್ಲ. ಸೌದಾ, ಮೀರ್ ಮೊದಲಾದ ಕವಿಗಳು ಊರು ಬಿಟ್ಟರು, ದರ್ದ್ ಬಿಡಲಿಲ್ಲ. ಅವರು ರಾಜರನ್ನು ಹೊಗಳಲಿಲ್ಲ, ಯಾರನ್ನೂ ಅಣಕಿಸುವ ಪದ್ಯ ಬರೆಯಲಿಲ್ಲ. ತಮ್ಮ ಪದ್ಯಗಳಿಗೆ ತಾವೇ 'ಇಲ್ಮುಲ್ ಕಿತಾಬ್' ಎಂಬ ದೊಡ್ಡ ವ್ಯಾಖ್ಯಾನ ಬರೆದರು. ಸರಹಿಂದಿಯವರ ದಾರಿಯಲ್ಲೇ ನಡೆದರೂ ಅವರ ಅಭಿಪ್ರಾಯವಿಷ್ಟು: ಎರಡು ತತ್ತ್ವಗಳ ಗುರಿ ಒಂದೇ, ದೇವರಲ್ಲದ ಎಲ್ಲದರ ಕಟ್ಟಿನಿಂದ ಹೃದಯವನ್ನು ಬಿಡಿಸುವುದು.

ಇನ್ನೊಂದು ಸಂಗತಿ. ನಕ್ಷಬಂದಿಗಳಿಗೆ ಸಂಗೀತ ಸಲ್ಲದು. ಚಿಶ್ತಿಗಳಿಗೆ ಅದು ಪ್ರಾಣ. ಆದರೆ ನಕ್ಷಬಂದಿ ದರ್ದರ ಮನೆಯಲ್ಲಿ ಸಂಗೀತ ನಡೆಯುತ್ತಿತ್ತು. ಆಕ್ಷೇಪ ಬಂದಾಗ ಅವರು ಸಂಗೀತವನ್ನು ಪೂಜೆಯೆಂದು ಸಾಧಿಸಲು ಹೋಗಲಿಲ್ಲ. ಹಾಡುವವರು ತಾವಾಗಿ ಬರುವರು, ನಾನು ಕೇಳುವೆನು ಎಂಬಂತೆ ವಿನಯದಿಂದ ಉತ್ತರಿಸಿದರು.

ಇತ್ತ ನಮ್ಮ ಕಲಬುರ್ಗಿಯನ್ನು ನೋಡಿರಿ. 1422ರಲ್ಲಿ ಅಲ್ಲಿ ದೇಹವಿಟ್ಟ ಖ್ವಾಜಾ ಬಂದೇ ನವಾಜರು ಚಿಶ್ತಿ ಪಂಥದವರು, ಸಂಗೀತಪ್ರಿಯರು. ಆದರೂ ಇಬ್ನ್ ಅರಬಿಯ ತತ್ತ್ವವನ್ನು ಅವರು ಒಪ್ಪಲಿಲ್ಲ. ಸರಹಿಂದಿಯವರಿಗಿಂತ ಸುಮಾರು 200 ವರ್ಷ ಮೊದಲೇ ಅದನ್ನು ಖಂಡಿಸಿದರು. ಚಿಶ್ತಿಯಾಗಿ ಅದ್ವೈತವನ್ನು ತಡೆದವರು ಅವರು. ನಕ್ಷಬಂದಿಯಾಗಿ ಸಂಗೀತಕ್ಕೆ ಕಿವಿಗೊಟ್ಟವರು ಇವರು. ಇದರಿಂದ ಏನು ತಿಳಿಯುವುದು? ಪಂಥ ಮನುಷ್ಯನಿಗೆ ದಾರಿ ತೋರಿಸಬಲ್ಲದು. ಅವನ ಪರವಾಗಿ ಕಾಣಲಾರದು. ಕಾಣುವ ಕಣ್ಣು ಅವನದೇ.

ದರ್ದರ ಕಾಲದವರೇ ಆದ ಶಾಹ್ ವಲಿಯುಲ್ಲಾ (1703-1762) ಒಂದು ಪತ್ರ ಬರೆದು, ಈ ಎರಡು ತತ್ತ್ವಗಳ ಭೇದ ಬಹುಮಟ್ಟಿಗೆ ಮಾತಿನದು, ಹೋಲಿಕೆಯದು ಎಂದರು. ಅದಕ್ಕೂ ಖಂಡನೆ ಬಂತು! ವಾದ ಮುಗಿಯಲಿಲ್ಲ. ಮುಗಿಯಬೇಕಾಗಿಯೂ ಇರಲಿಲ್ಲ.

ಪದ್ಯದಲ್ಲಿ ವಾದ ಮಾಡುವುದರ ಗುಣ ಇದು. ಒಬ್ಬನು ಕಡಲನ್ನು ತೋರಿಸುತ್ತಾನೆ, ಇನ್ನೊಬ್ಬನು ಸೂರ್ಯನನ್ನು ತೋರಿಸುತ್ತಾನೆ. ಸೂರ್ಯ ಬಂದನೆಂದು ಕಡಲು ಬತ್ತುವುದಿಲ್ಲ. ಕೇಳುವವನ ಎದೆಯಲ್ಲಿ ಎರಡಕ್ಕೂ ಜಾಗವಿದೆ.

ನಮ್ಮ ಮನೆಗಳಲ್ಲಿ, ಊರುಗಳಲ್ಲಿ ಭಿನ್ನ ಅಭಿಪ್ರಾಯ ಬಂದೇ ಬರುವುದು. ಬರಲಿ. ನಿಮ್ಮ ಮಾತನ್ನು ಗಟ್ಟಿಯಾಗಿ ಹಿಡಿಯಿರಿ. ಎದುರಿನವನ ಕೈಯನ್ನು ಮಾತ್ರ ಬಿಡಬೇಡಿರಿ.