ಚೀಟಿ ನೆರೆಯವನ ಕೈಯಲ್ಲಿರುವಾಗ



ಲಾಟರಿ ಎಂದೊಡನೆ ನಮ್ಮ ಮನಸ್ಸು ಬಹುಮಾನದ ಕಡೆಗೆ ಓಡುತ್ತದೆ. ಕೆಟ್ಟ ಸಮಾಜವೊಂದನ್ನು ಕಲ್ಪಿಸಿ ಎಚ್ಚರಿಸುವ ಕತೆಗಳಲ್ಲಿ ಹೆಸರಾದುದು, 1948ರಲ್ಲಿ ಪ್ರಕಟವಾದ ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ನರ ‘ದಿ ಲಾಟರಿ’. ಅದು ಈ ಆಸೆ ತೋರಿಸಿಯೇ ನಮ್ಮನ್ನು ಒಳಕ್ಕೆ ಕರೆಯುತ್ತದೆ.

ಜೂನ್ 27ರ ಬೆಳಗು, ಹಿತವಾದ ಬಿಸಿಲು. ಸುಮಾರು 300 ಜನರ ಹಳ್ಳಿ. ಗಂಡಸರು ಬಿತ್ತನೆ, ಮಳೆ, ತೆರಿಗೆಯ ಮಾತನಾಡುತ್ತಾರೆ. ಕಲ್ಲಿದ್ದಲ ವ್ಯಾಪಾರಿಯೊಬ್ಬ ಕಪ್ಪು ಪೆಟ್ಟಿಗೆ ತರುತ್ತಾನೆ. ಹುಡುಗರು ಕಲ್ಲು ಆಯ್ದು ಗುಡ್ಡೆ ಹಾಕುತ್ತಾರೆ. ಕಲ್ಲೇಕೆಂದು ಲೇಖಕಿ ಹೇಳುವುದಿಲ್ಲ. ಆಟವಿರಬೇಕೆಂದು ನಾವು ಮುಂದೆ ಓದುತ್ತೇವೆ. ಕಪ್ಪು ಚುಕ್ಕೆಯ ಚೀಟಿ ಬಂದವರನ್ನು ಊರೆಲ್ಲ ಸೇರಿ ಕಲ್ಲೆಸೆದು ಕೊಲ್ಲುವುದೇ ಅಲ್ಲಿಯ ಪದ್ಧತಿಯೆಂಬುದು ಕಡೆಗೆ ತಿಳಿಯುತ್ತದೆ.

ಲೇಖಕಿ ಎಲ್ಲಿಯೂ ಅಯ್ಯೋ ಎನ್ನುವುದಿಲ್ಲ. ಪಂಚನಾಮೆ ಬರೆದಂತೆ ಕಂಡದ್ದನ್ನು ಬರೆಯುತ್ತಾರೆ. ರಾಕ್ಷಸರನ್ನು ತೋರಿಸಿದ್ದರೆ ಅವರನ್ನು ಬೈದು ಸುಮ್ಮನಾಗುತ್ತಿದ್ದೆವು. ತೋರಿಸಿದ್ದು ನೆರೆಹೊರೆಯವರನ್ನು, ಆದ್ದರಿಂದಲೇ ಭಯ ನಮ್ಮ ಬಾಗಿಲಿಗೂ ಬರುತ್ತದೆ.

ಟೆಸ್ಸಿ ಎಂಬ ಗೃಹಿಣಿ ಕೈ ಒರೆಸಿಕೊಳ್ಳುತ್ತ ತಡವಾಗಿ ಬಂದು ನಗೆಯಾಡುತ್ತಾಳೆ. ಸರದಿ ತನ್ನ ಮನೆಗೆ ಬಿದ್ದಾಗ ಮಾತ್ರ ಅನ್ಯಾಯವೆಂದು ಕೂಗುತ್ತಾಳೆ. ಕೂಗು ನ್ಯಾಯವಾದದ್ದೇ, ಆದರೆ ಹೊತ್ತು ಮೀರಿದೆ. ಹಿಂದಿನ ವರ್ಷಗಳಲ್ಲಿ ಆಕೆಯೂ ಅದೇ ಗುಂಪಿನವಳಲ್ಲವೇ?

ಪೆಟ್ಟಿಗೆಯ ಬಣ್ಣ ಮಾಸಿದೆ, ಹಳೆಯ ವಿಧಿಗಳು ಮರೆತುಹೋಗಿವೆ. ಜನಕ್ಕೆ ಕಲ್ಲು ಮಾತ್ರ ನೆನಪಿದೆ. ಅನ್ಯಾಯವನ್ನು ಅನ್ಯಾಯವೆನ್ನಬೇಕಾದುದು ಚೀಟಿ ನೆರೆಯವನ ಕೈಯಲ್ಲಿರುವಾಗ. ಈ ಮಾತನ್ನು ಕತೆ ತಾನು ಹೇಳುವುದಿಲ್ಲ, ನಮ್ಮಿಂದ ಹೇಳಿಸುತ್ತದೆ.