ನಮ್ಮ ಕಡತ ಓದುವವರು ಯಾರು?



ಸಾಫ್ಟ್‌ವೇರ್, ಡಾಕ್ಟರಿಕೆ, ಬ್ಯಾಂಕಿಂಗ್ ಮಾಡುವ ನಿಮ್ಮ ನಡುವೆ ನಾನೊಬ್ಬಳು ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಲಂಡನ್ನಿನಲ್ಲಿ ಯಾವ ಕನ್ನಡಿಗರ ಮನೆಗೆ ಹೋದರೂ ಕೇಳುವುದು ಒಂದೇ: "ಅದನ್ನು ಓದಿ ಏನು ಮಾಡ್ತೀಯಮ್ಮಾ?" ಸಂಬಳದ ಮಾತು ಬೇಡ, ಆದರೆ ಕೆಲಸಕ್ಕಂತೂ ಬರವಿಲ್ಲ.

1956ರಲ್ಲಿ ನಾಡು ಒಂದಾಯಿತು, ನಿಜ. ಕಡತಗಳು ಒಂದಾಗಲಿಲ್ಲ. ಧಾರವಾಡ, ಬೆಳಗಾವಿಯ ಹಳೆಯ ದಾಖಲೆ ಬೇಕಾದರೆ ಮುಂಬಯಿ, ಪುಣೆಗೆ ಹೋಗಬೇಕು. ಅಲ್ಲಿ ಮೋಡಿ ಲಿಪಿ ಓದಲು ಬರಬೇಕು. ರಾಯಚೂರು, ಕಲಬುರಗಿಗೆ ಹೈದರಾಬಾದು, ಅಂದರೆ ಪರ್ಷಿಯನ್ ಮತ್ತು ಉರ್ದು. ಮಂಗಳೂರು, ಬಳ್ಳಾರಿಗೆ ಚೆನ್ನೈ.

ಇನ್ನು ಇಲ್ಲಿನ ಬ್ರಿಟಿಷ್ ಲೈಬ್ರರಿ. ಇಂಡಿಯಾ ಆಫೀಸಿನ ದಾಖಲೆಗಳೇ ಸುಮಾರು 14 ಕಿಲೋಮೀಟರ್ ಉದ್ದದ ಕಪಾಟುಗಳಲ್ಲಿವೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಇಂಗ್ಲಿಷಿನಲ್ಲೇ ಇದೆಯಲ್ಲ, ಯಾರು ಬೇಕಾದರೂ ಓದಬಹುದು ಅನ್ನಬೇಡಿ. 'ಬೆಡ್ನೋರ್' ಅಂದರೆ ಬಿದನೂರು, 'ಸೂಂಡ' ಅಂದರೆ ನಮ್ಮ ಸೋದೆ. ಇದು ಹೊಳೆಯಬೇಕಾದರೆ ಕಿವಿಯಲ್ಲಿ ಕನ್ನಡ ಇರಬೇಕು.

ಕಾಲಿನ್ ಮೆಕೆಂಜಿಯ ವಿಷಯವನ್ನೇ ನೋಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಸರ್ವೆ ನಡೆಸಿದವನು. ನಕ್ಷೆಯ ಜೊತೆಗೆ ಶಾಸನಗಳ ನಕಲು, ಕೈಫಿಯತ್ತು, ಊರೂರಿನ ಕಥೆ ಎಲ್ಲ ಕೂಡಿಹಾಕಿಸಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ! ಹಳ್ಳಿಗಳಿಗೆ ಹೋಗಿ ಕೇಳಿ ಬರೆದುಕೊಂಡವರು ದೇಶೀಯ ಸಹಾಯಕರು. ಮುಂದೆ ರಾಜಾವಳಿ ಕಥೆ ಬರೆದ ಕನಕಗಿರಿಯ ದೇವಚಂದ್ರನೂ ಮಾಹಿತಿ ಒದಗಿಸಿದ. 1821ರಲ್ಲಿ ಮೆಕೆಂಜಿ ತೀರಿಕೊಂಡ. ಸಂಗ್ರಹ ಒಡೆಯಿತು. ಇಂಗ್ಲಿಷ್ ಅನುವಾದ, ಚಿತ್ರಗಳು ಬಹುಮಟ್ಟಿಗೆ ಲಂಡನ್ನಿನಲ್ಲಿ, ಕನ್ನಡದ ಮೂಲಗಳು ಮದ್ರಾಸಿನಲ್ಲಿ. ಅನುವಾದವನ್ನಷ್ಟೇ ಓದಿ ನಮ್ಮ ಬಗ್ಗೆ ಪ್ರಬಂಧ ಬರೆದುಬಿಡುವುದು ಸುಲಭ. ಮದ್ರಾಸಿಗೆ ಹೋಗಿ ಮೂಲದೊಡನೆ ಹೋಲಿಸಿ ನೋಡುವವರು ಬೇಕು. ಅದನ್ನು ನಾವು ಮಾಡದೆ ಬೇರೆ ಯಾರು ಮಾಡಬೇಕು?

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಇದೇ ಪಾಡು. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನ ಪತ್ರಗಳು ಅಲ್ಲಿವೆ. 1843ರಲ್ಲಿ ಮಂಗಳೂರ ಸಮಾಚಾರ ತಂದ ಮೋಗ್ಲಿಂಗ್, 1894ರಲ್ಲಿ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಅದೇ ಮಿಶನ್ನಿನವರು. ಆದರೆ ಆ ಕಾಲದ ಜರ್ಮನ್ ಕೈಬರಹ ಇಂದಿನ ಜರ್ಮನ್ನರಿಗೇ ತೊಡಕು. ಅದನ್ನೂ ಕನ್ನಡವನ್ನೂ ಓದಬಲ್ಲವರು ಎಷ್ಟು ಮಂದಿ ಸಿಕ್ಕಾರು?

"ಎಲ್ಲಾ ಸ್ಕ್ಯಾನ್ ಮಾಡಿದರಾಯಿತು" ಅಂತ ಐಟಿ ಗೆಳೆಯರು ಹೇಳುತ್ತಾರೆ. ಮಾಡಲಿ, ಒಳ್ಳೆಯದೇ. ಆದರೆ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಾಗಿ ಬ್ರಿಟಿಷ್ ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್ ಎರಡು ತಿಂಗಳಿಗೂ ಹೆಚ್ಚು ಕಾಲ ಸಿಗಲಿಲ್ಲ. ಅಲ್ಲದೆ ಮೋಡಿ ಬಾರದವನಿಗೆ ಸ್ಕ್ಯಾನ್ ಮಾಡಿದರೂ ಅದು ಮೋಡಿಯೇ.

ನಿಮ್ಮ ಮಕ್ಕಳಲ್ಲಿ ಯಾರಾದರೂ ಇತಿಹಾಸ ಓದುತ್ತೇನೆ ಅಂದರೆ ದಯವಿಟ್ಟು ತಡೆಯಬೇಡಿ. ಅಮೆರಿಕದಲ್ಲಿ ಪಿಎಚ್‌ಡಿಗೆ ಆರೇಳು ವರ್ಷ ಹಿಡಿಯುತ್ತದೆ, ನಡುವೆ ಭಾಷೆ ಕಲಿಯಲು ಸಮಯವಿರುತ್ತದೆ. ಇಲ್ಲಿ ಮೂರು ನಾಲ್ಕು ವರ್ಷವಷ್ಟೇ. ಮೋಡಿಯನ್ನೋ ಪರ್ಷಿಯನ್ನನ್ನೋ ಮೊದಲೇ ಕಲಿತು ಬರುವುದು ಜಾಣತನ. ಸಂಘಗಳು ಸಿನಿಮಾ ನಟರನ್ನು ಕರೆಸುವ ಖರ್ಚಿನಲ್ಲಿ ಒಂದು ಪಾಲನ್ನು ಇಂಥ ಕಲಿಕೆಗೆ ತೆಗೆದಿಟ್ಟರೆ ನಟರೇನೂ ಮುನಿಸಿಕೊಳ್ಳಲಾರರು.

ಊರಿಗೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆಯನ್ನೂ ನೋಡಿ. ಕಡತ, ಓಲೆಗರಿ, ಜಮೀನಿನ ಪತ್ರ, ಅಜ್ಜಿಯ ಲೆಕ್ಕದ ಪುಸ್ತಕ ಇದ್ದರೆ ಗುಜರಿಗೆ ಹಾಕಬೇಡಿ. ಕಟ್ಟು ಬಿಚ್ಚಿ ಕ್ರಮ ಕೆಡಿಸಬೇಡಿ. ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ. ಫೋಟೊ ತೆಗೆದು, ಯಾರದು, ಯಾವ ಊರಿನದು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಓದಲು ಬಾರದ ಹಾಳೆ ಈಗಲೇ ಯಾರ ಫೋನಿನಲ್ಲಾದರೂ ಇದ್ದರೆ ತೋರಿಸಿ, ನಾನು ಇಲ್ಲೇ ಇರುತ್ತೇನೆ.