ಬಂಡೆಯಿಂದ ಬಿಂದಿಗೆಗೆ



ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳು ಕಾಣುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ತಪ್ಪು ಮಕ್ಕಳದಲ್ಲ, ಅದರ ಮೂಲ ಕಾಲಡಿಯ ಬಂಡೆಯಲ್ಲಿದೆ. ಬಂಡೆಯೊಳಗಿನ ಮೂಲಧಾತು ಹಲ್ಲಿನವರೆಗೆ ಹೇಗೆ ಬಂದಿತು? ಇಂತಹ ಪ್ರಯಾಣಗಳನ್ನು ಅಭ್ಯಸಿಸುವ ವಿಜ್ಞಾನವೇ ಭೂರಸಾಯನಶಾಸ್ತ್ರ.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಈ ಆಮ್ಲ ಬಂಡೆಯನ್ನು ನಿಧಾನವಾಗಿ ಕರಗಿಸುತ್ತದೆ. ಆದರೆ ಧಾತುಗಳೆಲ್ಲ ಒಂದೇ ರೀತಿ ಚಲಿಸುವುದಿಲ್ಲ. ಸೋಡಿಯಂ ನೀರಿನೊಡನೆ ಹರಿದು ಸಮುದ್ರ ಸೇರುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಹಿಂದೆಯೇ ಉಳಿಯುತ್ತವೆ. ನಮ್ಮ ಕರಾವಳಿಯ ಕೆಂಪು ಮುರಕಲ್ಲು ಹೀಗೆ ಉಳಿದುಕೊಂಡದ್ದೇ.

ನಾರ್ವೆಯಲ್ಲಿ ದುಡಿದ ವಿಜ್ಞಾನಿ ವಿಕ್ಟರ್ ಗೋಲ್ಡ್‌ಸ್ಮಿತ್ (1888–1947) ಧಾತುಗಳನ್ನು ಅವುಗಳ ಒಲವಿನಂತೆ ವಿಂಗಡಿಸಿದರು: ಕಬ್ಬಿಣದ ಜೊತೆ ಸೇರುವವು, ಗಂಧಕದ ಜೊತೆ ಸೇರುವವು, ಶಿಲೆಯಲ್ಲಿ ನೆಲೆಸುವವು, ವಾಯುವಾಗಿರುವವು. ಫ್ಲೋರಿನ್ ಶಿಲೆಯಲ್ಲಿ ನೆಲೆಸುವ ಗುಂಪಿಗೆ ಸೇರಿದ್ದು. ನಮ್ಮ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಕಪ್ಪು ಕಾಗೆಬಂಗಾರ, ಅಪಟೈಟ್ ಮುಂತಾದ ಖನಿಜಗಳಲ್ಲಿ ಅದು ಅಡಗಿರುತ್ತದೆ.

ಫ್ಲೋರೈಡಿಗೆ ಕ್ಯಾಲ್ಸಿಯಂ ಮೇಲೆ ಬಲು ಒಲವು. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಎರಡೂ ಸೇರಿ ಸುಲಭವಾಗಿ ಕರಗದ ಲವಣವಾಗುತ್ತವೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚು ಉಳಿಯದು. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಅಂತರ್ಜಲ ಅನೇಕ ಕಡೆ ಕ್ಷಾರೀಯವಾಗಿದೆ. ಅಲ್ಲಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ನೆಲದಲ್ಲೇ ಉಳಿದುಬಿಡುತ್ತದೆ. ಜೊತೆಗಾರನಿಲ್ಲದ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಆಳಕ್ಕಿಳಿದಂತೆ, ಬಹುಕಾಲ ಬಂಡೆಯ ಬಿರುಕಿನಲ್ಲೇ ನಿಂತಿದ್ದ ಈ ನೀರು ಬಿಂದಿಗೆಗೆ ಬರುತ್ತದೆ. ಬಂಡೆಯಲ್ಲಿ ಸಿಗದ ಕ್ಯಾಲ್ಸಿಯಂ ಅದಕ್ಕೆ ನಮ್ಮ ಹಲ್ಲು, ಮೂಳೆಗಳಲ್ಲಿ ಸಿಗುತ್ತದೆ!

ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿಗೆ ಹಿತ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕೆಡಬಹುದು. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ನೆನಪಿಡಿ: ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಪರಿಹಾರವೂ ಇದೇ ಶಾಸ್ತ್ರದಲ್ಲಿದೆ. ಬಂಡೆಯನ್ನು ಇನ್ನೂ ಸೋಕದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಶುದ್ಧವಾಗಿ ಹಿಡಿದಿಟ್ಟು ಬಳಸಬಹುದು. ಅಲ್ಯೂಮಿನಿಯಂ ಆಕ್ಸೈಡಿನಿಂದ ತಯಾರಿಸಿದ ಸೋಸುಕಗಳು ಫ್ಲೋರೈಡನ್ನು ಹಿಡಿದಿಡುತ್ತವೆ. ಎಲ್ಲಕ್ಕೂ ಮೊದಲು ನಿಮ್ಮ ಊರಿನ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಅದು ಯಾವ ಬಂಡೆಯನ್ನು ಹಾದು ಬಂದಿದೆ ಎಂದು ನಿಮ್ಮ ಅಧ್ಯಾಪಕರನ್ನು ಕೇಳಿ. ಭೂರಸಾಯನಶಾಸ್ತ್ರದ ಮೊದಲ ಪಾಠ ಅಲ್ಲಿಂದಲೇ ಆರಂಭವಾಗಲಿ.